ದೂರು ಕೊಟ್ಟ ಮನೆಯ ಊಟ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಮೋಕ್ಷದ ದಾರಿ ಕೇಳಿ ಬಂದವರನ್ನು ಅವರು ಮುಂದಿನ ಮಠಕ್ಕೆ ಸಾಗಹಾಕುತ್ತಿದ್ದರು. ಕಳ್ಳನ ದಾರಿ ಕೇಳಿ ಬಂದವರನ್ನು ಮಾತ್ರ ಕೂರಿಸಿಕೊಳ್ಳುತ್ತಿದ್ದರು.

ಹಿಂದೆ ಅವರು ರಾಜಧಾನಿಯಲ್ಲಿ ಕೊತ್ವಾಲರಾಗಿದ್ದವರು. ಎಲ್ಲಿ ಕಳವು ಹೆಚ್ಚು, ಯಾಕೆ ಹೆಚ್ಚು, ಹೆಚ್ಚು ಅನ್ನುವುದು ನಿಜವೋ ಬರೀ ಬಾಯಿಮಾತೋ ಎಂದು ತೂಗಿ ನೋಡುವ ವಿದ್ಯೆ ಅವರದು. ಆ ಸರಕು ಬೇರೆ ಯಾವ ಆಶ್ರಮದಲ್ಲೂ ಸಿಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಚೆದಡದ ಹೊಳೆಗಟ್ಟದಿಂದ ತಳವಾರ ಬೊಪ್ಪಣ್ಣ ಬಂದು ಅಡ್ಡಬಿದ್ದ. ಅಪ್ಪ ತೀರಿಕೊಂಡು ಊರ ಕಾವಲು ಇವನ ಕೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೀಸೆ ನೋಡಿದರೆ ಮಾತ್ರ ಹಳೇ ತಳವಾರನೇ.

"ಗುರುಗಳೇ, ವಿದ್ಯೆ ಕಲಿಯೋಣ ಅಂತ ಬಂದೆ. ಕಳ್ಳ ಆಗಲೇ ಸಿಕ್ಕಿದ್ದಾನೆ."

"ಸಿಕ್ಕ ಮೇಲೆ ವಿದ್ಯೆ ಯಾಕಪ್ಪಾ?"

"ಪಂಚಾಯ್ತಿಯಲ್ಲಿ ಹೆಸರು ಹೇಳುವಾಗ, ಗುರುಗಳೂ ಒಪ್ಪಿದ್ದಾರೆ ಅಂದರೆ ಒಂದು ತೂಕ ಬರುತ್ತೆ."

"ಮಾಲು ಕೊಂಡಾದ ಮೇಲೆ ತಕ್ಕಡಿ ಹುಡುಕುವ ಗಿರಾಕಿ ನೀನು. ಇರಲಿ, ಯಾರು ಕಳ್ಳ?"

"ಬಡೇಸಾಬ. ಪಾತ್ರೆಗಳಿಗೆ ಕಲಾಯಿ ಹಾಕುವವನು."

ಬೊಪ್ಪಣ್ಣ ಅಂಗವಸ್ತ್ರ ಸರಿಮಾಡಿಕೊಂಡು ಕೂತ. ತನ್ನ ಪತ್ತೇದಾರಿಯನ್ನು ಹೇಳುವುದೆಂದರೆ ಅವನಿಗೆ ಹಬ್ಬ.

"ಶೆಟ್ಟರ ಬೀದಿಯಲ್ಲಿ ಪಾತ್ರೆ ಕಳವು ಜಾಸ್ತಿಯಾಗಿದೆ. ಇವತ್ತು ಕೊಳಗ, ನಾಳೆ ಹಂಡೆ. ಕಳವಾದ ಒಂದೊಂದು ಮನೆಗೂ ನಾನೇ ಹೋಗಿ ವಿಚಾರಿಸಿದೆ. ಒಂದು ಮನೆಯೂ ತಪ್ಪಿಲ್ಲ ಗುರುಗಳೇ! ಎಲ್ಲ ಮನೆಗೂ ಬಡೇಸಾಬ ಕಲಾಯಿ ಹಾಕಿದ್ದಾನೆ!"

"ಅದೇ ಬೀದಿಯಲ್ಲಿ ಅವನು ಕಲಾಯಿ ಹಾಕಿಯೂ ಕಳವಾಗದ ಮನೆಗಳು?"

"ಅವರನ್ನ ಯಾಕೆ ಕೇಳಲಿ? ಅಲ್ಲಿ ಕಳವೇ ಆಗಿಲ್ಲವಲ್ಲ!"

ಗುರುಗಳು ಕಣ್ಣು ಮುಚ್ಚಿದರು. ಧ್ಯಾನಕ್ಕೆ ಹೋದರೆಂದು ಬೊಪ್ಪಣ್ಣ ಕೈಮುಗಿದ. ಧ್ಯಾನದಲ್ಲಿ ಹೊಟ್ಟೆ ಅಷ್ಟು ಕುಲುಕುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಬೇರೆ ಕೇರಿಗಳಲ್ಲಿ?" ಕಣ್ಣು ಬಿಟ್ಟು ಗುರುಗಳು ಕೇಳಿದರು.

"ಅಲ್ಲಿ ಕಳ್ಳತನವೇ ಇಲ್ಲ. ಕುಂಬಾರಗೇರಿಯಿಂದ ಒಂದೇ ಒಂದು ದೂರು ಬಂದದ್ದಿಲ್ಲ. ಬಡೇಸಾಬ ಆ ಕಡೆ ಕಾಲೂ ಇಡೋದಿಲ್ಲ, ಮಣ್ಣಿನ ಗಡಿಗೆಗೆ ಯಾರು ಕಲಾಯಿ ಹಾಕಿಸ್ತಾರೆ? ಅವನು ಹೋದ ಕಡೆ ಕಳವು, ಹೋಗದ ಕಡೆ ಕಳವಿಲ್ಲ. ಇನ್ನೇನು ಬೇಕು ಗುರುಗಳೇ?"

"ನೀನು ಹೆಸರು ಹೇಳಿದರೆ ಅವನಿಗೇನಾಗುತ್ತೆ?"

"ಅಮಾವಾಸ್ಯೆಗೆ ಪಂಚಾಯ್ತಿ. ನಾನು ಹೂಂ ಅಂದರೆ ಅವನ ಭಟ್ಟಿ ಹೊಳೆಗೆ, ಸಂಸಾರ ಊರಾಚೆಗೆ."

"ಮಕ್ಕಳು?"

"ಮನೆ ತುಂಬ ಇವೆ. ಇನ್ನೊಂದು ಬರೋದರಲ್ಲಿದೆ." ಹೇಳುವಾಗ ಬೊಪ್ಪಣ್ಣನ ದನಿ ಸ್ವಲ್ಪ ಇಳಿಯಿತು.

"ಹೂಂ ಅನ್ನೋದಕ್ಕೆ ಅವಸರವೇನು? ಅಮಾವಾಸ್ಯೆ ದೂರ ಇದೆ. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡು. ಈ ಆಶ್ರಮದಲ್ಲಿ ಚೇಳು ಎಲ್ಲಿ ಹೆಚ್ಚು, ಯಾಕೆ ಹೆಚ್ಚು ಅಂತ ಪತ್ತೆ ಮಾಡಿ ಹೇಳು."

"ಚೇಳಾ?" ಬೊಪ್ಪಣ್ಣನಿಗೆ ಅವಮಾನವಾಯಿತು. "ನಾನು ತಳವಾರ, ಗುರುಗಳೇ."

"ಅದಕ್ಕೇ ಸುಲಭದ್ದು ಕೊಟ್ಟೆ."

ಬೊಪ್ಪಣ್ಣ ಮೀಸೆ ತಿರುವಿಕೊಂಡು ಹೊರಟ. ಮೊದಲು ಅಡುಗೆಮನೆ. ಅಡುಗೆಯ ಸೋಬಯ್ಯ ಒಲೆಯ ಮುಂದೆ ಕೂತಿದ್ದ.

"ಸೋಬಯ್ಯನವರೇ, ಇಲ್ಲಿ ಚೇಳು ಇವೆಯಾ?"

"ಚೇಳಾ? ಶಿವ ಶಿವಾ! ಗುರುಗಳ ದಯೆ, ಕಣ್ಣಿಗೂ ಬಿದ್ದಿಲ್ಲ."

ಹೇಳುತ್ತಾ ಹೇಳುತ್ತಾ ಸೋಬಯ್ಯ ಪ್ರತಿಯೊಂದು ಸೌದೆಯನ್ನೂ ಮೂರು ಸಲ ನೆಲಕ್ಕೆ ಬಡಿದು, ತಿರುಗಿಸಿ ನೋಡಿ, ಆಮೇಲೆ ಒಲೆಗಿಡುತ್ತಿದ್ದ. ಒಳ್ಳೇ ಶಿಸ್ತಿನ ಮನುಷ್ಯ ಎಂದುಕೊಂಡು ಬೊಪ್ಪಣ್ಣ ಮುಂದೆ ಹೋದ.

ಕೊಟ್ಟಿಗೆಯಲ್ಲಿ ಕೇಳಿದ. ಇಲ್ಲ. ಹೂದೋಟದಲ್ಲಿ ಕೇಳಿದ. ಇಲ್ಲವೇ ಇಲ್ಲ. ಕೊನೆಗೆ ಗುರುಗಳನ್ನೇ ಕೇಳಿದ.

"ನನ್ನ ಗುಡಿಸಲಲ್ಲಾ? ಇವೆಯಪ್ಪಾ. ನಿನ್ನೆಯೂ ಒಂದು ಬಂದಿತ್ತು. ಇವತ್ತು ಚಾಪೆ ಕೆಳಗೆ ಇನ್ನೊಂದು."

ಬೊಪ್ಪಣ್ಣ ಗುಡಿಸಲನ್ನು ಸುತ್ತಿ ನೋಡಿದ. ಬೇರೆಲ್ಲೂ ಇಲ್ಲದ್ದು ಇಲ್ಲಿ ಏನಿದೆ? ಮೂಲೆಯಲ್ಲಿ ಗುರುಗಳ ಬೆಕ್ಕು ಮಲಗಿತ್ತು. ಬೇರೆ ಕಡೆ ಅದು ಮಲಗುತ್ತಲೇ ಇರಲಿಲ್ಲ.

ಸಂಜೆಗೆ ವರದಿ ಸಿದ್ಧವಾಯಿತು.

"ಗುರುಗಳೇ, ಚೇಳನ್ನ ತರೋದು ಬೆಕ್ಕು. ಬೆಕ್ಕು ಇರುವ ಕಡೆ ಚೇಳು, ಇಲ್ಲದ ಕಡೆ ಇಲ್ಲ."

"ಭೇಷ್. ಏನು ಮಾಡೋಣ?"

"ಆಚೆದಡಕ್ಕೆ ಗಡೀಪಾರು."

"ನೀನೇ ಮಾಡು."

ಬುಟ್ಟಿಯಲ್ಲಿ ಬೆಕ್ಕನ್ನು ಹಾಕಿಕೊಂಡು ಬೊಪ್ಪಣ್ಣ ದೋಣಿ ಹತ್ತಿದ. ವಾಪಸು ಬಂದಾಗ ಮೀಸೆಯ ಎಡಭಾಗ ಅರ್ಧಕ್ಕೆ ಇಳಿದಿತ್ತು. ಕೆನ್ನೆಯ ಮೇಲೆ ಮೂರು ಗೆರೆ.

ಮರುದಿನ ಬೆಳಿಗ್ಗೆ ಗುರುಗಳು ಕರೆದರು. ಅವರ ಕೈಯಲ್ಲೊಂದು ಗಡಿಗೆ. ಒಳಗೆ ಚೇಳು.

"ಬೆಕ್ಕು ಹೋಯಿತು. ಇದು ಬಂದಿದೆ."

"ಮೊದಲೇ ತಂದಿಟ್ಟಿದ್ದು ಇರಬೇಕು, ಗುರುಗಳೇ."

"ಓ. ದಾಸ್ತಾನು ಮಾಡಿತ್ತು ಅನ್ನು."

"ಇರಬಹುದು. ಬೆಕ್ಕು ಬಲು ಖದೀಮ."

ಇನ್ನೆರಡು ದಿನ ಕಳೆದವು. ಗುರುಗಳು ಮತ್ತೆ ಕರೆದರು. ಈ ಸಲ ಅವರ ಕೈಯಲ್ಲಿದ್ದದ್ದು ಅವರ ಒಂದೇ ಒಂದು ಕಂಬಳಿ. ಬೆಕ್ಕಿಲ್ಲದ ಗುಡಿಸಲಿನಲ್ಲಿ ಇಲಿಗಳು ಅದರ ನಟ್ಟನಡುವೆ ಔತಣ ಮಾಡಿದ್ದವು.

ಗುರುಗಳು ಕಂಬಳಿಯನ್ನು ಎತ್ತಿ ಹಿಡಿದು, ಆ ತೂತಿನೊಳಗಿಂದ ಬೊಪ್ಪಣ್ಣನನ್ನು ಸುಮ್ಮನೆ ನೋಡಿದರು.

ಬೊಪ್ಪಣ್ಣನಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆ ಮಧ್ಯಾಹ್ನ ಅವನು ಬೇಜಾರು ಕಳೆಯಲು ಅಡುಗೆಮನೆಗೆ ಹೋದ. ಒಲೆಯ ಮೇಲೆ ಅವರೆಕಾಳಿನ ಹುಳಿ ಕುದಿಯುತ್ತಿತ್ತು. ಸಹಾಯ ಮಾಡೋಣವೆಂದು ಸೌದೆ ರಾಶಿಗೆ ಕಾಲು ಕೊಟ್ಟು ಒಂದು ಕೊರಡು ಎಳೆದ.

ಅಮ್ಮಾ ಎಂದು ಕೂಗಿದ್ದು ಮಾತ್ರ ಅವನಿಗೆ ನೆನಪು.

ಸೋಬಯ್ಯ ಓಡಿಬಂದು ಬಾಯಿ ಮುಚ್ಚಿದ. "ಮೆಲ್ಲಗೆ! ಗುರುಗಳಿಗೆ ಕೇಳಿಸೀತು!"

"ಕೇಳಲಿ! ಚೇಳು ಕಣ್ರೀ! ಇಷ್ಟುದ್ದ! ಇಲ್ಲಿ ಇಲ್ಲ ಅಂದಿರಿ!"

"ಇಲ್ಲ ಅಂತ ಎಲ್ಲಿ ಹೇಳಿದೆ? ಕಣ್ಣಿಗೆ ಬಿದ್ದಿಲ್ಲ ಅಂದೆ. ನಾನು ನೋಡೋದೇ ಇಲ್ಲ." ಸೋಬಯ್ಯ ಈರುಳ್ಳಿ ಜಜ್ಜಿ ಕಾಲಿಗೆ ಕಟ್ಟಿದ. "ನಿಮಗೆ ಇಲ್ಲಿನ ಕಟ್ಟಳೆ ಗೊತ್ತಿಲ್ಲವಾ? ಚೇಳು ಕಂಡೆ ಅಂತ ಯಾರು ಹೇಳ್ತಾರೋ ಅವರೇ ಹಿಡೀಬೇಕು. ಕೊಲ್ಲೋ ಹಾಗಿಲ್ಲ. ದೋಣಿ ಹತ್ತಿ ಆಚೆದಡಕ್ಕೆ ಬಿಟ್ಟು, ಬಂದು ಮಿಂದು, ಆಮೇಲೆ ಊಟ. ಗುರುಗಳಿಗೇನು, ಹೇಗೂ ಆಚೆದಡಕ್ಕೆ ಸ್ನಾನಕ್ಕೆ ಹೋಗ್ತಾರೆ. ನಮಗೆ?"

ಬೊಪ್ಪಣ್ಣ ಕಾಲು ನೋಡಿಕೊಂಡ. ದೋಣಿ ನೆನಪಾಯಿತು. ಹುಳಿಗೆ ಒಗ್ಗರಣೆ ಬಿದ್ದ ಸದ್ದಾಯಿತು.

"ನಾನೂ ಏನೂ ನೋಡಿಲ್ಲ," ಎಂದ.

ಊಟದ ಪಂಕ್ತಿಯಲ್ಲಿ ಗುರುಗಳು ಎದುರಿಗೇ ಕೂತಿದ್ದರು.

"ಬೊಪ್ಪಣ್ಣಾ, ಇವತ್ತು ಎಲ್ಲಾದರೂ ಚೇಳು?"

"ಇಲ್ಲ ಗುರುಗಳೇ."

"ಕಾಲಿಗೇನಾಯ್ತು?"

"ಎಡವಿದೆ."

"ಎಡವಿದ ಕಾಲಿಗೆ ಈರುಳ್ಳಿ ಕಟ್ಟೋದು ಯಾವೂರ ವೈದ್ಯ?"

ಸೋಬಯ್ಯನಿಗೆ ಕೆಮ್ಮು ಬಂತು. ಕೊಟ್ಟಿಗೆಯವನು ಎಲೆಯೊಳಗೆ ಮುಖ ಹುದುಗಿಸಿದ. ಬೊಪ್ಪಣ್ಣ ತಲೆ ತಗ್ಗಿಸಿ ಇನ್ನೊಂದು ತುತ್ತು ಕಲಸಿದ.

"ನಾಚಿಕೊಳ್ಳಬೇಡ, ಇಲ್ಲಿ ಎಲ್ಲರೂ ಎಡವಿದವರೇ," ಎಂದರು ಗುರುಗಳು. "ಅಂದಹಾಗೆ, ನಿಮ್ಮೂರಲ್ಲಿ ಕಳವಾಯಿತು ಅಂತ ದೂರು ಕೊಟ್ಟವರು ಏನು ಮಾಡಬೇಕು?"

"ಏನೂ ಇಲ್ಲ ಗುರುಗಳೇ. ಕಳ್ಳ ಸಿಗೋವರೆಗೆ ತಳವಾರನಿಗೂ ಕಾವಲಿನ ಆಳುಗಳಿಗೂ ದಿನಾ ಊಟ ಹಾಕಬೇಕು, ಅಷ್ಟೇ. ನಮ್ಮಜ್ಜನ ಕಾಲದಿಂದ..."

ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

ಕುಂಬಾರಗೇರಿಯ ಗುಡಿಸಲುಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ತನ್ನ ಆಳುಗಳ ಹೊಟ್ಟೆಗಳೂ ಬಂದವು.

"ಉಣ್ಣು," ಎಂದರು ಗುರುಗಳು. "ಆರಿಹೋಗುತ್ತೆ."

ಊಟವಾದ ಮೇಲೆ ಬೊಪ್ಪಣ್ಣ ಕುಂಟುತ್ತ ಸೌದೆ ರಾಶಿಯ ಹತ್ತಿರ ಹೋಗಿ, ಆ ಚೇಳನ್ನು ಗಡಿಗೆಗೆ ತುಂಬಿಕೊಂಡು, ದೋಣಿ ಹತ್ತಿದ. ಬರುವಾಗ ಅದೇ ದೋಣಿಯಲ್ಲಿ ಬೆಕ್ಕನ್ನು ವಾಪಸು ತಂದ. ಮೀಸೆಯ ಬಲಭಾಗವೂ ಎಡಭಾಗಕ್ಕೆ ಸರಿಯಾಯಿತು.

ಮರುದಿನವೇ ಹೊಳೆಗಟ್ಟದಲ್ಲಿ ಡಂಗುರ ಹೊಡೆಸಿದ. ಇನ್ನು ಮೇಲೆ ದೂರು ಕೊಟ್ಟವರು ಊಟ ಹಾಕಬೇಕಾಗಿಲ್ಲ.

ಕಾವಲಿನ ಹಿರಿಯಾಳು ಮಾಳಪ್ಪ ಡಂಗುರದ ಕೋಲನ್ನು ಅರ್ಧಕ್ಕೇ ನಿಲ್ಲಿಸಿದ.

"ಯಜಮಾನ್ರೇ, ಊಟ ಇಲ್ಲ ಅಂದರೆ ಬರೀ ಅನ್ನ ಇಲ್ಲವೋ, ಹೋಳಿಗೆಯೂ ಇಲ್ಲವೋ?"

"ಯಾವುದೂ ಇಲ್ಲ."

"ದೂರು ಕೊಟ್ಟವರೇ ಪ್ರೀತಿಯಿಂದ ಬಡಿಸಿದರೆ?"

"ಹೊಡಿ ಡಂಗುರ."

ಮೊದಲ ದಿನ ಒಬ್ಬರೂ ಬರಲಿಲ್ಲ. ಜನ ಯಾವ ಹೊಸ ಅಂಗಡಿಯನ್ನೂ ಮೊದಲ ದಿನ ನಂಬುವುದಿಲ್ಲ. ಎರಡನೆಯ ದಿನ ಕುಂಬಾರಗೇರಿಯಿಂದ ಒಬ್ಬಳು ಬಂದಳು. ಕೋಳಿ ಹೋಗಿತ್ತು. ಅವಳು ಊಟ ಹಾಕದೆ ಮನೆಗೆ ಹೋದದ್ದನ್ನು ಊರೆಲ್ಲ ನೋಡಿತು.

ಆಮೇಲೆ ಕಟ್ಟೆ ಒಡೆಯಿತು. ಬಾವಿಹಗ್ಗ, ಕುಡುಗೋಲು, ಒಣಗಲು ಹಾಕಿದ ಸೀರೆ, ಬಳ್ಳಿಯಲ್ಲಿದ್ದ ಕುಂಬಳಕಾಯಿ, ಗಾಡಿಯ ಒಂದು ಚಕ್ರ. ಒಬ್ಬನಂತೂ ಬಾಗಿಲೇ ಹೋಯಿತೆಂದ. ಊರಿನ ಯಾವ ಕೇರಿಯೂ ಹಿಂದೆ ಬೀಳಲಿಲ್ಲ.

ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು.

"ಮಗಾ, ನನ್ನ ಮೇಕೆ ಹೋಗಿದೆ."

"ಯಾವಾಗಜ್ಜೀ?"

"ನಿಮ್ಮಜ್ಜ ತಳವಾರನಾಗಿದ್ದಾಗ."

"ಆಗಲೇ ಯಾಕೆ ಹೇಳಲಿಲ್ಲ?"

"ಚೆನ್ನಾಗಿ ಹೇಳ್ತೀಯ. ಹೋದ ಒಂದು ಮೇಕೆಗೋಸ್ಕರ ಇದ್ದ ಇನ್ನೆರಡನ್ನೂ ಕೊಯ್ದು ನಿಮ್ಮಜ್ಜನ ದಂಡಿಗೆ ಬಡಿಸಲಾ?"

ಬೊಪ್ಪಣ್ಣ ಕೈಮುಗಿದ. ಮೇಕೆಯನ್ನೂ ದೂರಿಗೆ ಸೇರಿಸಿಕೊಂಡ.

ಬಡೇಸಾಬ ಕಾಲಿಡದ ಕೇರಿಗಳಲ್ಲಿ ಇಷ್ಟೊಂದು ಕಳವು. ಅವನ ಪತ್ತೇದಾರಿಯ ಒಂದು ಕಂಬ ಅಲ್ಲಿಗೆ ಮುರಿಯಿತು. ಇನ್ನೊಂದು ಉಳಿದಿತ್ತು. ಗುರುಗಳು ಮೊದಲ ದಿನ ಕೇಳಿದ್ದ, ಕಳವಾಗದ ಮನೆಗಳ ಪ್ರಶ್ನೆ ಈಗ ಅವನ ಕಾಲಿನಲ್ಲಿ ಚೇಳಿನ ನೋವಿನ ಜೊತೆಗೇ ಚುಚ್ಚುತ್ತಿತ್ತು.

ಅವನು ಬಡೇಸಾಬನನ್ನೇ ಹುಡುಕಿಕೊಂಡು ಹೋದ. ಆಲದ ಮರದ ಕೆಳಗೆ ತಿದಿ ಒತ್ತುತ್ತಿದ್ದ ಬಡೇಸಾಬ ಎದ್ದು ನಿಲ್ಲಲಿಲ್ಲ.

"ಬರ್ರಿ ತಳವಾರ್ರೇ. ಭಟ್ಟಿ ಇವತ್ತೇ ಹೊಳೆಗೆ ಒಯ್ತೀರೋ, ಅಮಾವಾಸ್ಯೆಗೋ? ಇವತ್ತಾದರೆ ಈ ಒಂದು ಕೊಡ ಮುಗಿಸ್ತೀನಿ, ತಡೀರಿ."

"ಶೆಟ್ಟರ ಬೀದಿಯಲ್ಲಿ ಯಾವ ಯಾವ ಮನೆಗೆ ಕಲಾಯಿ ಹಾಕ್ತೀಯ?"

"ಯಾವ ಮನೆ ಅಂದರೇನು? ಎಲ್ಲ ಮನೆಗೂ ನಾನೇ. ಊರಲ್ಲಿ ಇನ್ನೊಬ್ಬ ಇದ್ದಾನಾ?" ಬಡೇಸಾಬ ಕೊಡವನ್ನು ಬಿಸಿಲಿಗೆ ತಿರುಗಿಸಿ ನೋಡಿದ. "ಅಲ್ಲ ತಳವಾರ್ರೇ, ಕದಿಯೋನು ಹೊಗೆ ಕುಡಿದು, ಕೈ ಸುಟ್ಟುಕೊಂಡು, ಫಳಫಳ ಮಾಡಿ ವಾಪಸು ಕೊಟ್ಟು, ಆಮೇಲೆ ಯಾಕೆ ಕದೀತಾನೆ? ಬೆಳಿಗ್ಗೆ ಕೈಗೆ ಕೊಟ್ಟಾಗಲೇ ಓಡಬಾರದಾ?"

ಹಿಂದೆ ನಿಂತಿದ್ದ ಅವನ ಹೆಂಡತಿ ನಗಲಿಲ್ಲ. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಳವಾರನ ಬಾಯಿಯನ್ನೇ ನೋಡುತ್ತಿದ್ದಳು. ಬೊಪ್ಪಣ್ಣನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವನು ನೇರವಾಗಿ ಶೆಟ್ಟರ ಬೀದಿಗೆ ಹೋದ. ಈ ಸಲ ಕಳವಾಗದ ಮನೆಗಳಿಗೆ.

"ನಮ್ಮಲ್ಲಿ ಏನೂ ಹೋಗಿಲ್ಲವಲ್ಲಪ್ಪಾ," ಎಂದರು ಮೊದಲ ಮನೆಯವರು.

"ಅದನ್ನೇ ವಿಚಾರಿಸೋಕೆ ಬಂದೆ."

ಇವನಿಗೆ ಬಿಸಿಲೇರಿದೆ ಎಂದುಕೊಂಡು ಅವರು ನೀರು ಕೊಟ್ಟರು. ಬಡೇಸಾಬ ಇಲ್ಲೂ ಕಲಾಯಿ ಹಾಕಿದ್ದ. ಹಿತ್ತಿಲ ಬಾಗಿಲು ಇಲ್ಲೂ ಭದ್ರವಿರಲಿಲ್ಲ. ಪಾತ್ರೆಗಳು ಇಲ್ಲೂ ಅಂಗಳದಲ್ಲೇ ಬಿದ್ದಿದ್ದವು. ಹಾಗಾದರೆ ಏನು ಬೇರೆ?

ಮೂರನೆಯ ಮನೆಯಲ್ಲಿ ಮಧ್ಯಾಹ್ನವಾಯಿತು. ಒತ್ತಾಯ ಮಾಡಿ ಎಲೆ ಹಾಕಿದರು. ಬೊಪ್ಪಣ್ಣ ಒಂದು ತುತ್ತು ಬಾಯಿಗಿಟ್ಟ.

ಉಪ್ಪು, ಬರೀ ಉಪ್ಪು. ರೊಟ್ಟಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಿಟ್ಟು.

ಅವನ ತಲೆಯೊಳಗೆ ಏನೋ ಕದಲಿತು. ಎದುರು ಮನೆಗೆ ಹೋಗಿ ಮಜ್ಜಿಗೆ ಕೇಳಿ ಕುಡಿದ. ಹಳಸಲು. ಅದರ ಪಕ್ಕದ ಮನೆಯಲ್ಲಿ ಚಟ್ನಿ ನೆಕ್ಕಿದ. ದೇವರೇ.

ಆಮೇಲೆ ಕಳವಾದ ಮನೆಗಳನ್ನು ನೆನೆದ. ನೆನೆಯುವುದೇನು, ಅಲ್ಲೆಲ್ಲ ಉಂಡಿದ್ದನಲ್ಲ. ಒಂದು ಮನೆಯ ಹೋಳಿಗೆ. ಒಂದು ಮನೆಯ ಎಣ್ಣೆಗಾಯಿ. ಪಟ್ಟಣಶೆಟ್ಟಿ ಚೆನ್ನವೀರಪ್ಪನವರ ಮನೆಯ ಗಸಗಸೆ ಪಾಯಸವನ್ನಂತೂ ಮಾಳಪ್ಪ ಕೈಮುಗಿದು ಕುಡಿಯುತ್ತಿದ್ದ.

ಊಟ ನಿಲ್ಲಿಸಿದ ದಿನದಿಂದ ಶೆಟ್ಟರ ಬೀದಿಯಲ್ಲಿ ಒಂದು ಸೌಟೂ ಕದಲಿರಲಿಲ್ಲ.

ಬೊಪ್ಪಣ್ಣ ಜಗಲಿಯ ಮೇಲೆ ಕೂತ. ತಾನೂ ಅದೇ ಪಂಕ್ತಿಯಲ್ಲಿ ಕೂತು, ಇನ್ನೊಂದು ಸೌಟು ಬಡಿಸಿ ಎಂದವನು.

ಅಮಾವಾಸ್ಯೆ ಬಂತು. ಪಂಚಾಯ್ತಿ ಕಟ್ಟೆಯ ಮೇಲೆ ಪಟ್ಟಣಶೆಟ್ಟಿ ಚೆನ್ನವೀರಪ್ಪನವರು ನ್ಯಾಯ ಹೇಳಲು ಕೂತಿದ್ದರು. ಕೆಳಗೆ ಬಡೇಸಾಬ, ಪಕ್ಕದಲ್ಲಿ ಅವನ ಭಟ್ಟಿ ಮತ್ತು ತಿದಿ. ಮಾಳಪ್ಪ ಮತ್ತು ಆಳುಗಳು ಸೊಂಟ ಸಣ್ಣಗಾಗಿ ಹಿಂದೆ ನಿಂತಿದ್ದರು. ಶೆಟ್ಟರೇ ಹೇಳಿಕಳಿಸಿದ್ದರಿಂದ ಗುರುಗಳೂ ದೋಣಿ ದಾಟಿ ಬಂದಿದ್ದರು.

"ಗುರುಗಳೇ, ಇವನು ನಿಮ್ಮ ಹತ್ತಿರ ಬರೋಕೆ ಮುಂಚೆ ಊರಲ್ಲಿ ಅಲ್ಲೊಂದು ಇಲ್ಲೊಂದು ಕಳವು ಇತ್ತು," ಎಂದರು ಶೆಟ್ಟರು. "ಇವನು ಕಲಿತು ಬಂದ ಮೇಲೆ ಊರೆಲ್ಲ ಕಳವೋ ಕಳವು. ಏನು ಕಲಿಸಿದಿರಿ?"

"ಅವನನ್ನೇ ಕೇಳಿ."

ಬೊಪ್ಪಣ್ಣ ಎದ್ದು ನಿಂತ.

"ಶೆಟ್ಟರೇ, ಈ ಕಳವುಗಳು ಮೊದಲೂ ಇದ್ದವು. ಹೇಳಿದರೆ ನಮಗೆ ಊಟ ಹಾಕಬೇಕಿತ್ತು, ಅದಕ್ಕೆ ಯಾರೂ ಹೇಳಲಿಲ್ಲ. ಬಡೇಸಾಬ ಹೋಗದ ಕೇರಿಯಲ್ಲೂ ಕಳವಿದೆ. ನಿಮ್ಮ ಬೀದಿಯಲ್ಲಿ ಅವನು ಎಲ್ಲರ ಮನೆಗೂ ಹೋಗ್ತಾನೆ, ಕಳವಾದದ್ದು ಅಡುಗೆ ರುಚಿಯಾಗಿರೋ ಮನೆಗಳಲ್ಲಿ ಮಾತ್ರ. ಊಟ ನಿಂತ ಮೇಲೆ ಅಲ್ಲಿ ಕಳವೂ ನಿಂತಿದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳವಾಗದ ಮನೆಗಳ ಹೆಂಗಸರಿಗೆ ಮುಖ ಕೆಂಪಾಯಿತು.

"ಅಂದರೆ ನಿನ್ನ ಆಳುಗಳೇ ಕಳ್ಳರು ಅಂತೀಯ?"

ಮಾಳಪ್ಪ ಆಕಾಶ ನೋಡಿದ.

"ಅನ್ನೋಲ್ಲ ಶೆಟ್ಟರೇ. ಇಷ್ಟನ್ನೇ ನೋಡಿಕೊಂಡು ಒಂದು ಸಲ ಬಡೇಸಾಬನ ಹೆಸರು ಹೇಳೋದರಲ್ಲಿದ್ದೆ. ಸಂಶಯ ಇದೆ, ಹೆಸರು ಹೇಳೋಲ್ಲ. ಅವರ ಪಂಕ್ತಿಯಲ್ಲಿ ನಾನೂ ಉಂಡವನು, ಅದನ್ನೂ ಹೇಳ್ತೀನಿ. ನನ್ನ ತಳವಾರಿಕೆ ಬೇಕಾದರೆ ತಗೊಳ್ಳಿ. ಈ ಮನುಷ್ಯನ ಭಟ್ಟಿ ಹೊಳೆಗೆ ಹಾಕೋಕೆ ಮಾತ್ರ ನಾನು ಹೂಂ ಅನ್ನೋದಿಲ್ಲ."

ಶೆಟ್ಟರು ನಕ್ಕರು. ಗಂಟಲಿಗಿಂತ ಕೆಳಗೆ ಇಳಿಯದ ನಗು.

"ಹೆಸರು ಹೇಳದ ತಳವಾರ! ಊಟ ನಿಂತಿತು, ಕಳವು ನಿಂತಿತು. ಕಾಗೆ ಕೂತಿತು, ಟೊಂಗೆ ಮುರೀತು ಅನ್ನೋ ಹಾಗೆ ಇರಬಾರದೇಕೆ? ಯಾಕೆ ಬೇಕು ತಂಟೆ? ಬಡೇಸಾಬನನ್ನ ಕಳಿಸಿಬಿಡೋಣ. ಅವನಾದರೆ ಕಳವು ನಿಲ್ಲುತ್ತೆ, ಅಲ್ಲವಾದರೆ ನಮಗೇನೂ ನಷ್ಟವಿಲ್ಲ."

ಬಡೇಸಾಬ ಬಗ್ಗಿ ತಿದಿಯನ್ನು ಕೈಗೆತ್ತಿಕೊಂಡ. ಬೊಪ್ಪಣ್ಣ ಗುರುಗಳ ಕಡೆ ನೋಡಿದ.

"ಶೆಟ್ಟರ ಪ್ರಶ್ನೆ ನ್ಯಾಯವಾದದ್ದು," ಎಂದರು ಗುರುಗಳು. "ಎರಡೂ ಒಟ್ಟಿಗೆ ನಿಂತ ಮಾತ್ರಕ್ಕೆ ಒಂದರಿಂದ ಇನ್ನೊಂದು ಅಂತ ಹೇಳೋಕಾಗಲ್ಲ. ಪರೀಕ್ಷೆ ಮಾಡಿಬಿಡೋಣ. ಬಡೇಸಾಬ ಸಂಸಾರ ಸಮೇತ ಸ್ವಲ್ಪ ದಿನ ನನ್ನ ಆಶ್ರಮಕ್ಕೆ ನೆಂಟನಾಗಿ ಬರಲಿ, ನಮ್ಮ ಪಾತ್ರೆಗಳೂ ಕಪ್ಪಾಗಿವೆ. ಇಲ್ಲಿ ಹಳೇ ಊಟದ ಪದ್ಧತಿ ಮತ್ತೆ ಶುರುವಾಗಲಿ, ಅವನಿಲ್ಲದೆಯೂ ಪಾತ್ರೆ ಹೋಗುತ್ತಾ ನೋಡೋಣ. ಬೇರೆ ಯಾರ ಮನೆಗೂ ಬೇಡ. ಶೆಟ್ಟರೇ, ನಿಮ್ಮ ಒಂದು ಮನೆಗೆ ಮಾತ್ರ."

ಹಿಂದಿನ ಸಾಲಿನಲ್ಲಿ ಮಾಳಪ್ಪನ ಮುಖ ಅರಳಿತು. ಕೂಡಲೇ ಇದು ಪರೀಕ್ಷೆಯೆಂಬುದು ನೆನಪಾಗಿ ಬಾಡಿತು. ಊರೆಲ್ಲ ಎರಡನ್ನೂ ನೋಡಿತು.

ಶೆಟ್ಟರು ಸರ್ರನೆ ಎದ್ದು ನಿಂತರು. "ಇಷ್ಟು ಮನೆಗಳಿರುವಾಗ ನಮ್ಮ ಮನೆಯೇ ಯಾಕೆ ಗುರುಗಳೇ?"

"ಇಷ್ಟು ದಿನ ನಿಮ್ಮ ಸಂಶಯದ ಖರ್ಚನ್ನು ಬಡೇಸಾಬ ಕೊಟ್ಟಿದ್ದಾನೆ ಶೆಟ್ಟರೇ. ಇನ್ನು ಸ್ವಲ್ಪ ದಿನ ನೀವು ಕೊಡಿ."